ಉರುಳುವ ಡಬ್ಬಿಯಲ್ಲಿ ಶಕ್ತಿ ಎಲ್ಲಿ ಸೋರುತ್ತದೆ? ನೀರು, ಕೊಬ್ಬರಿ ಎಣ್ಣೆ, ಜೋನಿಬೆಲ್ಲದಲ್ಲಿ ಒಂದು ಪರೀಕ್ಷೆ

ಹಸಿ ಮೊಟ್ಟೆಯನ್ನು ನೆಲದ ಮೇಲೆ ತಿರುಗಿಸಿದರೆ ನಾಲ್ಕು ಸುತ್ತಿಗೇ ಸುಸ್ತಾಗುತ್ತದೆ. ಬೇಯಿಸಿದ್ದು ಗರಗರ ತಿರುಗುತ್ತಲೇ ಇರುತ್ತದೆ. ಇದನ್ನು ನೋಡಿದವರು ಹಸಿ ಮೊಟ್ಟೆಯೊಳಗಿನ ಲೋಳೆಯೇ ಕಾರಣ, ಹಾಗಾಗಿ ಒಳಗಿನ ದ್ರವ ಮಂದವಾದಷ್ಟೂ ಶಕ್ತಿಯ ನಷ್ಟ ಜಾಸ್ತಿ ಇರಬೇಕು ಎಂದುಕೊಳ್ಳುತ್ತಾರೆ. ಹಾಗಿಲ್ಲ. ತೀರಾ ತೆಳು ದ್ರವ ಡಬ್ಬಿಯ ಗೋಡೆಯ ಜೊತೆ ತಿರುಗುವ ಗೋಜಿಗೇ ಹೋಗುವುದಿಲ್ಲ, ತೀರಾ ಮಂದ ದ್ರವ ಗೋಡೆಗೆ ಅಂಟಿಕೊಂಡು ಗಟ್ಟಿ ವಸ್ತುವಿನಂತೆ ತಿರುಗುತ್ತದೆ. ಎರಡರಲ್ಲೂ ನಷ್ಟ ಕಡಿಮೆ. ಶಕ್ತಿ ಸೋರುವುದು ನಡುವಿನದರಲ್ಲಿ. ಶಿರಸಿ ಸೀಮೆಯ ಅಡುಗೆಮನೆಯಲ್ಲೇ ಈ ಮೂರೂ ಬಗೆಯ ದ್ರವ ಇವೆ: ತೆಳುವಿಗೆ ನೀರು, ನಡುವಿನದಕ್ಕೆ ಕೊಬ್ಬರಿ ಎಣ್ಣೆ, ಮಂದಕ್ಕೆ ಜೋನಿಬೆಲ್ಲ (ಪಾಕದಂತೆ ಹರಿಯುವ ಬೆಲ್ಲ). ಅರ್ಧ ದಿನ ಸಾಕು.

ಬೇಕಾದದ್ದು: ಅರ್ಧ ಲೀಟರಿನ ಒಂದೇ ಬಗೆಯ ನಾಲ್ಕು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಸುಮಾರು 8 ಸೆಂ.ಮೀ. ಅಡ್ಡಗಲ, 10 ಸೆಂ.ಮೀ. ಉದ್ದ. ತಿರುಪಿನ ಮುಚ್ಚಳ ಡಬ್ಬಿಗಿಂತ ಸಣ್ಣದಿರಲಿ. ದೊಡ್ಡದಿದ್ದರೆ ಡಬ್ಬಿ ನೇರ ಉರುಳದೆ ಒಂದು ಬದಿಗೆ ಎಳೆಯುತ್ತದೆ. ಎರಡೂ ತುದಿಗೆ ಒಂದೇ ದಪ್ಪದ ರಬ್ಬರ್ ಬ್ಯಾಂಡ್ ಹಾಕಿದರೆ ಜಾರುವುದೂ ತಪ್ಪುತ್ತದೆ. ಜೊತೆಗೆ 2 ಮೀಟರ್ ಉದ್ದದ ಎರಡು ಪ್ಲೈವುಡ್ ಹಲಗೆ. ಹಿತ್ತಲಲ್ಲಿ ಬಿದ್ದಿರುವ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಬೇಡ. ಅದಕ್ಕೆ ಉಬ್ಬು ಇರುತ್ತದೆ, ನಾರೂ ಎದ್ದಿರುತ್ತದೆ.

ತುಂಬುವುದರಲ್ಲೇ ಅರ್ಧ ಕೆಲಸ. ನೀರಿನ ಡಬ್ಬಿಯನ್ನು ಬಕೆಟ್ಟಿನೊಳಗೆ ಮುಳುಗಿಸಿಟ್ಟೇ ಮುಚ್ಚಳ ಹಾಕಿ, ಗಾಳಿಗುಳ್ಳೆ ಒಂದೂ ಉಳಿಯಬಾರದು. ಗುಳ್ಳೆ ಯಾವಾಗಲೂ ಮೇಲೇ ನಿಂತು, ತಿರುಗುವ ಡಬ್ಬಿಯಲ್ಲಿ ಸೌಟಿನಂತೆ ನೀರನ್ನು ಕದಡುತ್ತದೆ. ಜೋನಿಬೆಲ್ಲವನ್ನು ನಿಧಾನ ಸುರಿದು, ಒಂದು ತಾಸು ಬಿಟ್ಟು, ಗುಳ್ಳೆ ಮೇಲೆ ಬಂದ ಮೇಲೆ ಮತ್ತೆ ಅಂಚಿನವರೆಗೆ ತುಂಬಿ. ಹರಳುಗಟ್ಟಿದ ಹಳೆಯ ಬೆಲ್ಲ ಆಗದು: ಹರಳು ತಳಕ್ಕೆ ಕೂತು ಒಂದು ಬದಿ ಭಾರವಾಗಿ ಡಬ್ಬಿ ಕುಂಟುತ್ತದೆ. ಮೂರನೆಯ ಡಬ್ಬಿಗೆ ಕೊಬ್ಬರಿ ಎಣ್ಣೆ, ಅದರಲ್ಲಿ ಚಿಟಿಕೆ ಅರಿಶಿನ. ಒಳಗಿನ ಚಲನೆ ಕಾಣಲಿಕ್ಕೆ.

ನಾಲ್ಕನೆಯದಕ್ಕೂ ಕೊಬ್ಬರಿ ಎಣ್ಣೆಯೇ, ಆದರೆ ಹೆಪ್ಪುಗಟ್ಟಿದ್ದು. ಇಡೀ ಪರೀಕ್ಷೆಯ ಅಳತೆಗೋಲು ಇದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಘಟ್ಟದ ಮೇಲಿನವರಿಗೆ ಡಿಸೆಂಬರಿನ ಬೆಳಗಿನ ಚಳಿಯೇ ಸಾಕು; ಕಾರವಾರ, ಕುಮಟಾದವರು ಫ್ರಿಜ್ಜಿನಲ್ಲಿ ಇಡಬೇಕು. ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ಎಣ್ಣೆ ಹೆಪ್ಪುಗಟ್ಟುವಾಗ ಕುಗ್ಗಿ ಕುಳಿ ಬೀಳುತ್ತದೆ. ನಿಂತ ಡಬ್ಬಿಯಲ್ಲಿ ಆ ಕುಳಿ ನಡುಮಧ್ಯದಲ್ಲಿರುತ್ತದೆ, ಮಲಗಿದ್ದರಲ್ಲಿ ಒಂದು ಬದಿಗೆ ಬಿದ್ದು ತೂಕ ತಪ್ಪಿಸುತ್ತದೆ.

ಮೊದಲು ಇಳಿಜಾರು ಮಾತ್ರ. ಒಂದು ಹಲಗೆಯ ತುದಿಯನ್ನು ಸರಿಯಾಗಿ 10 ಸೆಂ.ಮೀ. ಎತ್ತಿ. ಡಬ್ಬಿಯನ್ನು ಸ್ಕೇಲಿಗೆ ಒರಗಿಸಿಟ್ಟು ಸ್ಕೇಲನ್ನು ಸರಕ್ಕನೆ ತೆಗೆಯಿರಿ, ಕೈಯಿಂದ ತಳ್ಳಬೇಡಿ. ಮೊಬೈಲಿನಲ್ಲಿ ವಿಡಿಯೊ ತೆಗೆದು ಫ್ರೇಮು ಎಣಿಸಿ. ನೀರಿನದು ಸುಮಾರು 3 ಸೆಕೆಂಡಿನಲ್ಲಿ ಕೆಳಗಿರಬೇಕು, ಜೋನಿಬೆಲ್ಲ ಮತ್ತು ಹೆಪ್ಪುಗಟ್ಟಿದ ಎಣ್ಣೆ 3.5 ಸೆಕೆಂಡಿನಲ್ಲಿ. ಸಾಮಾನ್ಯ ವಿಡಿಯೊದಲ್ಲಿ ಈ ಅರ್ಧ ಸೆಕೆಂಡು 15 ಫ್ರೇಮು, ಕಣ್ಣಿಗೇ ಗೊತ್ತಾಗುತ್ತದೆ. ತೂಕ ಇಲ್ಲಿ ಲೆಕ್ಕಕ್ಕಿಲ್ಲ. ಎಷ್ಟು ಭಾಗ ತಿರುಗಬೇಕು ಎಂಬುದಷ್ಟೇ ಮುಖ್ಯ. ನೀರಿನ ಡಬ್ಬಿಯಲ್ಲಿ ಬಹುಪಾಲು ತಿರುಗುವುದು ಪ್ಲಾಸ್ಟಿಕ್ ಮಾತ್ರ. ಆ 3 ಸೆಕೆಂಡಿನಲ್ಲಿ ಗೋಡೆಯ ಎಳೆತ ನೀರಿನೊಳಗೆ ಒಂದೆರಡು ಮಿ.ಮೀ. ಮಾತ್ರ ಇಳಿದಿರುತ್ತದೆ. ಎಣ್ಣೆಯಲ್ಲಿ ಸೆಂಟಿಮೀಟರಿನಷ್ಟು, ಜೋನಿಬೆಲ್ಲದಲ್ಲಿ ನಡುವಿನವರೆಗೂ. ದ್ರವ ಎಣ್ಣೆಯ ಸಮಯ 3 ಮತ್ತು 3.5 ಸೆಕೆಂಡಿನ ನಡುವೆ ಬರುತ್ತದೆ.

ಆದರೆ ಬೇಗ ಇಳಿಯುವುದೇ ಬೇರೆ, ನಷ್ಟವಾಗುವುದೇ ಬೇರೆ. ನಷ್ಟ ಅಳೆಯಲಿಕ್ಕೆ ಎರಡನೆಯ ಹಲಗೆ. ಅದನ್ನು ಎದುರಿಗೆ ಅಷ್ಟೇ ಏರಿಕೆಯಲ್ಲಿಟ್ಟು, ಕೂಡುವ ಜಾಗಕ್ಕೆ ತೆಳು ರಟ್ಟಿನ ಪಟ್ಟಿ ಅಂಟಿಸಿ. ಮೂಲೆ ಮೊನಚಾಗಿದ್ದರೂ ಇಷ್ಟು ಸಣ್ಣ ಕೋನದಲ್ಲಿ ಅಲ್ಲಿ ಹೋಗುವುದು ಶೇ 1ರಷ್ಟು, ರಟ್ಟಿನಿಂದ ಅದೂ ತಗ್ಗುತ್ತದೆ. ಪ್ರತಿ ಡಬ್ಬಿಯನ್ನೂ ಒಂದೇ ಗುರುತಿನಿಂದ ಬಿಟ್ಟು, ಎದುರು ಹಲಗೆಯಲ್ಲಿ ಎಷ್ಟು ದೂರ ಏರಿತು ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿ. ಐದೈದು ಸಲ ಮಾಡಿ ಸರಾಸರಿ ತೆಗೆಯಿರಿ.

ಹೆಪ್ಪುಗಟ್ಟಿದ ಎಣ್ಣೆಯ ಡಬ್ಬಿ ಮುಟ್ಟಿದ ಗೆರೆಗೂ ಬಿಟ್ಟ ಎತ್ತರಕ್ಕೂ ಇರುವ ಅಂತರ ಹಲಗೆ, ರಬ್ಬರು, ಮೂಲೆಯ ಖರ್ಚು. ಉಳಿದ ಡಬ್ಬಿಗಳು ಅದಕ್ಕಿಂತ ಎಷ್ಟು ಕೆಳಗೆ ನಿಂತವೋ ಅಷ್ಟು ದ್ರವದ ಪಾಲು. ನೀರು ಮತ್ತು ಜೋನಿಬೆಲ್ಲ ಆ ಗೆರೆಯ ಹತ್ತಿರಕ್ಕೆ ಬರುತ್ತವೆ. ದ್ರವ ಎಣ್ಣೆಯೇ ಎಲ್ಲಕ್ಕಿಂತ ಕೆಳಗೆ. ಅರಿಶಿನ ನೋಡಿ: ಡಬ್ಬಿ ನಿಂತು ಹಿಂದಕ್ಕೆ ತಿರುಗುವ ಹೊತ್ತಿಗೂ ಒಳಗಿನ ಎಣ್ಣೆ ಮುಂದಕ್ಕೇ ಸುತ್ತುತ್ತಿರುತ್ತದೆ. ಪದರದ ಮೇಲೆ ಪದರ ಉಜ್ಜುವ ಆ ಜಾಗದಲ್ಲೇ ಶಕ್ತಿ ಬಿಸಿಯಾಗಿ ಹೋಗುವುದು. ಥರ್ಮಾಮೀಟರ್ ತರುವ ಉತ್ಸಾಹ ಬೇಡ. 10 ಸೆಂ.ಮೀ. ಇಳಿತದ ಶಕ್ತಿಯೆಲ್ಲ ಎಣ್ಣೆಗೇ ಇಳಿದರೂ ಬಿಸಿ ಏರುವುದು ಒಂದು ಡಿಗ್ರಿಯ ಸಾವಿರದ ಒಂದು ಪಾಲಿಗಿಂತ ಕಡಿಮೆ.

ಡಬ್ಬಿ ಅರ್ಧ ತುಂಬಿದ್ದರೆ ಕಥೆಯೇ ಬೇರೆ. ಅರ್ಧ ಜೋನಿಬೆಲ್ಲದ ಡಬ್ಬಿ ಇಳಿಜಾರಿನಲ್ಲೂ ತೆವಳುತ್ತದೆ: ಗೋಡೆ ಬೆಲ್ಲವನ್ನು ಮೇಲಕ್ಕೆ ಎಳೆಯುತ್ತದೆ, ಅದು ಮತ್ತೆ ಜಾರಿ ಬೀಳುತ್ತದೆ, ಇಳಿದು ಗಳಿಸಿದ್ದೆಲ್ಲ ಅಲ್ಲೇ ಖರ್ಚು. ಎದುರು ಹಲಗೆ ಏರುವ ಮಾತೇ ಇಲ್ಲ.

ಇದೇ ಸೋರಿಕೆ ಬಾಹ್ಯಾಕಾಶದಲ್ಲಿ ದಿಕ್ಕನ್ನೇ ಕೆಡಿಸುತ್ತದೆ. 1958ರ ಎಕ್ಸ್‌ಪ್ಲೋರರ್ 1 ಉಪಗ್ರಹವನ್ನು ಪೆನ್ಸಿಲಿನಂತೆ ಉದ್ದದ ಅಕ್ಷದಲ್ಲಿ ತಿರುಗಿಸಿ ಬಿಟ್ಟಿದ್ದರು. ಅದರ ಬಳುಕುವ ಆಂಟೆನಾಗಳಲ್ಲಿ ಶಕ್ತಿ ಸೋರಿ, ಅದು ಅಡ್ಡಡ್ಡ ತಿರುಗತೊಡಗಿತು. ಕೋನೀಯ ಸಂವೇಗ (ಹೊರಗಿನ ತಡೆ ಇಲ್ಲದಿದ್ದರೆ ಬದಲಾಗದ, ತಿರುಗಾಟದ ಅಳತೆ) ಕಳೆಯದೆ ಶಕ್ತಿ ಮಾತ್ರ ಕಳೆದರೆ ಕೊನೆಗೆ ಉಳಿಯುವುದು ಅಡ್ಡ ತಿರುಗಾಟವೇ. ಟ್ಯಾಂಕಿನಲ್ಲಿ ಕುಲುಕುವ ಇಂಧನವೂ ಅದೇ ಕೆಲಸ ಮಾಡಬಲ್ಲದು.

ಇನ್ನೂ ಹೊತ್ತಿದ್ದರೆ ತುಂಬಿದ ಜೋನಿಬೆಲ್ಲದ ಡಬ್ಬಿಯ ಮುಚ್ಚಳ ಸಡಿಲಿಸಿ ಬಿಸಿನೀರಿನಲ್ಲಿ ಇಡಿ, ಮತ್ತೆ ಬಿಗಿದು ಉರುಳಿಸಿ. ಬೆಲ್ಲ ಬಿಸಿಯಾಗಿ ತೆಳುವಾದಂತೆ ಏರುವ ಗೆರೆ ಕೆಳಗಿಳಿಯುತ್ತ, ಎಣ್ಣೆಯ ಗೆರೆಯ ಕಡೆಗೆ ಬರುತ್ತದೆ. ಪ್ರತಿ ಸಲ ಉರುಳಿಸುವ ಮುಂಚೆ ಡಬ್ಬಿಯ ಹೊರಗಿನ ಅಂಟು ಒರೆಸಿಕೊಳ್ಳಿ, ಇಲ್ಲವಾದರೆ ಹಲಗೆಗೆ ಅಂಟಿ ಲೆಕ್ಕ ಹಾಳು, ಇರುವೆ ಬೇರೆ.