ಹಳೇ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡಲ್ಲೇ ಹೊಸ ಗೇಮ್ ಓಡಿಸಿದ್ದು: ನನ್ನ ಅನುಭವ

ಗೇಮ್ ಓಡಲ್ಲ ಅನ್ನೋದ್ರಲ್ಲಿ ಎರಡು ಥರ ಇದೆ. ಒಂದು ಗ್ರಾಫಿಕ್ಸ್ ಕಾರ್ಡಿಗೆ (ಗೇಮಿನ ಚಿತ್ರ ಬಿಡಿಸೋ ಭಾಗ) ಶಕ್ತಿ ಸಾಲ್ದೇ ಇರೋದು, ಇನ್ನೊಂದು ಗೇಮ್ ಕೇಳೋದು ಕಾರ್ಡಲ್ಲಿ ಇಲ್ವೇ ಇಲ್ದೇ ಇರೋದು. ಮೊದಲ್ನೇದಕ್ಕೆ ಮದ್ದಿದೆ, ಎರಡ್ನೇದಕ್ಕೆ ಏನ್ ಸೆಟ್ಟಿಂಗ್ ತಿರುಗಿಸಿದ್ರೂ ಅಷ್ಟೇ. ನನ್ ಹತ್ರ ಇರೋದು 2016ರ ಜಿಟಿಎಕ್ಸ್ 1060, 6 ಜಿಬಿ ಮೆಮೊರಿದು, ರೇ ಟ್ರೇಸಿಂಗ್ (ಬೆಳಕಿನ ಕಿರಣ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬಿಡಿಸೋದು) ಹಾರ್ಡ್‌ವೇರ್ ಇಲ್ಲ. 2024ರ ಇಂಡಿಯಾನಾ ಜೋನ್ಸ್ ಗೇಮಿಗೆ ಕನಿಷ್ಠನೇ ಆರ್‌ಟಿಎಕ್ಸ್ 2060 ಸೂಪರ್ ಅನ್ನೋ ರೇ ಟ್ರೇಸಿಂಗ್ ಇರೋ ಕಾರ್ಡ್ ಬೇಕು, ಡೂಮ್ ದ ಡಾರ್ಕ್ ಏಜಸ್‌ಗೂ ಅದೇ ಕಥೆ. ಹಾಗಾಗಿ ಮಿನಿಮಮ್ ಅನ್ನೋ ಸಾಲಲ್ಲಿ ರೇ ಟ್ರೇಸಿಂಗ್ ಅಂತ ಕಂಡ್ರೆ ಸೇಲ್ ಎಷ್ಟೇ ಇರ್ಲಿ ದುಡ್ಡು ಹಾಕಲ್ಲ.

ಸೈಬರ್‌ಪಂಕ್ 2077 ಮೊದಲ್ನೇ ಥರದ್ದು, ಅದರ ಈಗಿನ ಮಿನಿಮಮ್ಮೇ ನನ್ ಕಾರ್ಡು. ಮೊದ್ಲು ಫ್ಯಾನ್ ಬಿಚ್ಚಿ ಧೂಳು ತೆಗ್ದು ಒಣಗಿ ಚಕ್ಕೆ ಆಗಿದ್ದ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿ ಸಾಗಿಸೋ ಪೇಸ್ಟ್) ಕೆರೆದು ಹೊಸದು ಹಾಕ್ದೆ, ಗೇಮ್ ಹಾರ್ಡ್ ಡಿಸ್ಕಿಂದ ಎಸ್‌ಎಸ್‌ಡಿಗೆ ಬಂತು. ಆಮೇಲೆ ಆಫ್ಟರ್‌ಬರ್ನರ್ ಅನ್ನೋ ಕಾರ್ಡ್ ಮೇಲೆ ಕಣ್ಣಿಡೋ ಸಾಫ್ಟ್‌ವೇರ್ ಹಾಕಿ ಸ್ಕ್ರೀನ್ ಮೂಲೇಲಿ ವಿರ‍್ಯಾಮ್ (ಕಾರ್ಡಿನ ಸ್ವಂತ ಮೆಮೊರಿ) ಎಷ್ಟು ತಿಂತಿದೆ ಅಂತ ನೋಡ್ಕೊಂಡೇ ಆಡ್ದೆ. ಅಸಲಿ ವಿಷ್ಯ ಇಲ್ಲೇ ಇರೋದು: 6 ಜಿಬಿ ತುಂಬಿತು ಅಂದ್ರೆ ಉಳಿದಿದ್ದು ಸಿಸ್ಟಮ್ ರ‍್ಯಾಮಿಗೆ ಹೋಗುತ್ತೆ, ಅದು ನಿಧಾನ, ಅದಕ್ಕೇ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಲೆಕ್ಕ) ಸರಿಯಾಗೇ ಕಾಣ್ತಿದ್ರೂ ಗಾಡಿ ತಿರುಗಿಸ್ದಾಗ ಗಕ್ ಅಂತ ನಿಲ್ಲೋದು. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮೀಡಿಯಮ್ಮಿಗೆ ಇಳಿಸ್ದೆ, ಅದೂ ಮೇನ್ ಮೆನುವಿಂದ ಮಾತ್ರ ಆಗುತ್ತೆ, ಆಟದ ಮಧ್ಯೆ ಆಗಲ್ಲ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ನೀರು, ಗಾಜಲ್ಲಿ ಕಾಣೋ ಪ್ರತಿಬಿಂಬ) ಆಫ್, ವಾಲ್ಯುಮೆಟ್ರಿಕ್ ಫಾಗ್ (ಮಂಜು) ಮತ್ತೆ ಶ್ಯಾಡೋ ಲೋ. ಈ ರಿಫ್ಲೆಕ್ಷನ್ ಒಂದೇ ಎಷ್ಟು ಹೀರುತ್ತೆ ಅಂದ್ರೆ ನಂಬಲ್ಲ ನೀವು! ಜನಸಂದಣಿ ಮಾತ್ರ ಪ್ರಾಸೆಸರ್ ಕೆಲ್ಸ, ಅದನ್ನ ಇಳಿಸಿದ್ರೆ ಕಾರ್ಡಿಗೆ ಅಂಥ ಉಪಕಾರ ಏನಿಲ್ಲ.

ಡಿಎಲ್‌ಎಸ್‌ಎಸ್ ಅನ್ನೋ, ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡೋ ತಂತ್ರ ನಮ್ ಕಾರ್ಡಿಗಿಲ್ಲ, ಅದೇ ಥರದ ಎಫ್‌ಎಸ್‌ಆರ್ ಇದೆ. 1080ಪಿಲಿ ಕ್ವಾಲಿಟಿ ಮೋಡ್ ಇಟ್ರೆ ಒಳಗೆ 720ಪಿ ಬಿಡಿಸಿ ದೊಡ್ಡದು ಮಾಡುತ್ತೆ, ಕೂದ್ಲು, ತಂತಿ ಬೇಲಿ ಸ್ವಲ್ಪ ಮಿಣಮಿಣ ಅನ್ನುತ್ತೆ, ಅದಕ್ಕಿಂತ ಕೆಳಗಿನ ಮೋಡ್ ನನ್ ಕಣ್ಣಿಗೆ ಆಗ್ಲಿಲ್ಲ. ಕೊನೇಗೆ 45 ಎಫ್‌ಪಿಎಸ್‌ಗೆ ಕ್ಯಾಪ್ (ಮಿತಿ) ಹಾಕ್ದೆ, ಸುಮಾರಾಗಿ ಅಲ್ಲೇ ನಿಲ್ಲುತ್ತೆ. ಮಾನಿಟರ್ ಫ್ರೀಸಿಂಕ್ (ಕಾರ್ಡಿನ ವೇಗಕ್ಕೆ ಸ್ಕ್ರೀನ್ ಹೊಂದ್ಕೊಳ್ಳೋದು) ಇರೋದಾದ್ರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಹಾಕಿ, ಎಚ್‌ಡಿಎಂಐಲಿ ಈ ಸೀರೀಸ್ ಕಾರ್ಡಿಗೆ ಅದು ಕೆಲ್ಸ ಮಾಡಲ್ಲ.

ಎನ್‌ವಿಡಿಯಾ ಕಂಪನಿ ನನ್ 1060 ಇರೋ 10 ಸೀರೀಸ್‌ಗೆ ಗೇಮ್ ರೆಡಿ ಡ್ರೈವರ್ (ಹೊಸ ಗೇಮಿಗೆ ಕಾರ್ಡ್ ಸಜ್ಜು ಮಾಡೋ ಸಾಫ್ಟ್‌ವೇರ್) ಕೊಡೋದನ್ನ 2025ರ ಅಕ್ಟೋಬರ್‌ಗೆ ನಿಲ್ಲಿಸ್ತು, ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ 2028ರವರೆಗೆ. ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್‌ಪಿ ರೋಡಲ್ಲಿ ಹೋದಾಗೆಲ್ಲ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಕಾರ್ಡಿನ ರೇಟ್ ಕೇಳ್ತೀನಿ ಈಗ. 8 ಜಿಬಿ, ರೇ ಟ್ರೇಸಿಂಗೂ ಇದೆ, ನನ್ 450 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬ) ಬದಲಾಯಿಸೋದೂ ಬೇಕಿಲ್ಲ.