ಮುಂಗಡ ಹಣ ಕೈ ಸೇರುವ ಮುನ್ನ: ತಾಂಡಾ ಶಾಲೆಯೊಂದರಲ್ಲಿ ನನ್ನ ಅನುಭವ

ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಸರ್ಕಾರಿ ಶಾಲೆಗೆ ನಾನು 2014ರ ಜೂನ್ ತಿಂಗಳಲ್ಲಿ ವರ್ಗವಾಗಿ ಬಂದೆ. ಮೊದಲ ನಾಲ್ಕು ತಿಂಗಳು ಕೊಠಡಿಗಳು ಮಕ್ಕಳಿಂದ ತುಂಬಿದ್ದವು. ದಸರಾ ರಜೆ ಮುಗಿದು ಕೆಲವು ವಾರಗಳಾದ ಮೇಲೆ ನಾಲ್ಕನೇ ತರಗತಿಯಲ್ಲಿ ಹಾಜರಿ ಕರೆದಾಗ 19 ಹೆಸರುಗಳ ಪೈಕಿ ಏಳಕ್ಕೆ ಮಾತ್ರ ಉತ್ತರ ಬಂತು. "ಉಳದಾವ್ರೆಲ್ಲ ಕಬ್ಬಿಗೆ ಹೋಗ್ಯಾರ್ರಿ ಸರ" ಎಂದು ಮುಂದಿನ ಸಾಲಿನ ಹುಡುಗ ಹೇಳಿದ. ಅವನ ದನಿಯಲ್ಲಿ ಬೇಸರವಿರಲಿಲ್ಲ, ಮಳೆ ಬಂತು ಎಂದು ಹೇಳುವಷ್ಟು ಸಹಜವಾಗಿ ಹೇಳಿದ್ದ.

ಕಬ್ಬಿಗೆ ಹೋಗುವುದೆಂದರೆ ಏನೆಂದು ತಿಳಿಯಲು ಆ ಡಿಸೆಂಬರ್‌ನಲ್ಲಿ ರಜೆ ಹಾಕಿ ಕೊಲ್ಹಾಪುರದ ಕಡೆಗೆ ಹೋದೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬಂದ ಕುಟುಂಬಗಳು ಗದ್ದೆಯ ಅಂಚಿನಲ್ಲಿ ಸೋಗೆ ಹೊದಿಸಿದ ಜೋಪಡಿಗಳಲ್ಲಿದ್ದವು. ಬೆಳಕು ಹರಿಯುವ ಮೊದಲೇ ಗಂಡ ಹೆಂಡತಿ ಇಬ್ಬರೂ ಕಡಿತಕ್ಕೆ ಇಳಿಯುತ್ತಿದ್ದರು. ನನ್ನ ಶಾಲೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಸೀರೆಯ ಜೋಳಿಗೆಯಲ್ಲಿ ತಮ್ಮನನ್ನು ತೂಗುತ್ತ, ನಡುವೆ ಎದ್ದು ಹೋಗಿ ಕಬ್ಬಿನ ಕಟ್ಟುಗಳಿಗೆ ಸೋಗೆಯ ಹುರಿ ಸುತ್ತುತ್ತಿದ್ದಳು. ಅಲ್ಲಿ ಆ ಮಕ್ಕಳಿಗೆ ಬಿಸಿಯೂಟವಿರಲಿಲ್ಲ, ಅಂಗನವಾಡಿ ಇರಲಿಲ್ಲ, ಹತ್ತಿರದಲ್ಲಿದ್ದ ಶಾಲೆಯ ಪಾಠ ಮರಾಠಿಯಲ್ಲಿತ್ತು. ಮನೆಯಲ್ಲಿ ಲಂಬಾಣಿಗರ ಭಾಷೆಯಾದ ಗೋರ್‌ಬೋಲಿ ಆಡುವ ಈ ಮಕ್ಕಳು ಎರಡು ವರ್ಷ ಕಷ್ಟಪಟ್ಟು ಕನ್ನಡ ಅಕ್ಷರ ಕಲಿತಿದ್ದರು. ಏಪ್ರಿಲ್ ಹೊತ್ತಿಗೆ ಮರಳಿ ಬಂದಾಗ ಒತ್ತಕ್ಷರಗಳೆಲ್ಲ ಮರೆತು ಹೋಗಿದ್ದವು.

ಮೊದಲ ಎರಡು ವರ್ಷ ನಾನು ಮಾಡಿದ ಪ್ರಯತ್ನ ತಪ್ಪು ಕಾಲದಲ್ಲಿ ನಡೆಯಿತು. ನವೆಂಬರ್‌ನಲ್ಲಿ ಲಾರಿ, ಟ್ರ್ಯಾಕ್ಟರ್‌ಗಳು ತಾಂಡಾಕ್ಕೆ ಬಂದು ನಿಂತಾಗ ಮನೆಮನೆಗೆ ಹೋಗಿ, 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವೂ ಶಾಲೆಯಲ್ಲಿರಬೇಕೆಂದು ತಿಳಿಹೇಳುತ್ತಿದ್ದೆ. ಗಂಟು ಕಟ್ಟುತ್ತಿದ್ದ ತಾಯಿಯೊಬ್ಬಳು ಕೆಲಸ ನಿಲ್ಲಿಸಿ ನನ್ನನ್ನು ನೋಡಿ, "ಸರ, ರೊಕ್ಕ ತಗೊಂಡು ನಾಕ್ ತಿಂಗಳಾತು. ತಿಂದೂ ಮುಗದೈತಿ. ನೀವು ಆವಾಗ ಬರಬೇಕಿತ್ತು" ಎಂದಳು. ಈ ಕೆಲಸದ ಕುರಿತು ನಾನು ಕಲಿತದ್ದರ ಬುಡ ಆ ಒಂದು ಮಾತಿನಲ್ಲಿದೆ.

ಕಬ್ಬು ಕಡಿಯಲು ಕೂಲಿಗಳನ್ನು ಒಯ್ಯುವ ಗುತ್ತಿಗೆದಾರರಾದ ಮುಕಾದಮರು ಮುಂಗಡ ಹಂಚುವುದು ಆಷಾಢ ಶ್ರಾವಣಗಳಲ್ಲಿ. ಬಿತ್ತನೆಗೆ ಸಾಲ ಮಾಡಿ, ಮನೆಯ ಜೋಳ ಮುಗಿದು, ಹಬ್ಬಗಳು ಎದುರಿಗಿರುವ ದಿನಗಳಲ್ಲಿ ನಗದು ಹಣ ಹಿಡಿದು ತಾಂಡಾಕ್ಕೆ ಬರುವವನು ಅವನೊಬ್ಬನೇ. ಗಂಡ ಹೆಂಡತಿಯನ್ನು ಒಂದು ಜೋಡಿ ಎಂದು ಎಣಿಸಿ ಹಣ ಕೊಡುತ್ತಾನೆ, ಆದ್ದರಿಂದ ತಾಯಿ ಊರಲ್ಲಿ ಉಳಿಯುವ ಪ್ರಶ್ನೆಯೇ ಏಳುವುದಿಲ್ಲ. ಸಾಲ ತೀರದಿದ್ದರೆ ಅದು ಮುಂದಿನ ಹಂಗಾಮಿಗೆ ಸೇರುತ್ತದೆ. ಹೀಗೆ ಮಗುವಿನ ಶಾಲೆ ತಪ್ಪುವುದು ನವೆಂಬರ್‌ನ ಹಾಜರಿ ಪುಸ್ತಕದಲ್ಲಿ ಕಂಡರೂ ಅದು ನಿಶ್ಚಯವಾಗಿರುವುದು ಜುಲೈನಲ್ಲಿ. ಭಾರತವು 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯು, ಮಗುವಿಗೆ ತಕ್ಕ ಜೀವನಮಟ್ಟ ಒದಗಿಸುವುದು ಮೊದಲಿಗೆ ಹೆತ್ತವರ ಹೊಣೆ ಎನ್ನುತ್ತದೆ, ಅದರ ಜೊತೆಗೇ ಆ ಹೊಣೆ ಹೊರಲು ಹೆತ್ತವರಿಗೆ ನೆರವಾಗುವುದು ಸರ್ಕಾರದ ಕರ್ತವ್ಯ ಎಂದೂ ಹೇಳುತ್ತದೆ. ಹೆತ್ತವರನ್ನು ದೂರುವ ಅಭ್ಯಾಸವಿರುವ ನಮ್ಮಂಥ ಶಿಕ್ಷಕರು ಈ ಎರಡನೆಯ ಮಾತನ್ನು ಮತ್ತೆ ಮತ್ತೆ ಓದಬೇಕು.

2016ರಿಂದ ನಾನು ಜುಲೈ ಮೊದಲ ವಾರದಲ್ಲೇ ಒಂದು ಪಟ್ಟಿ ಬರೆಯತೊಡಗಿದೆ. ಹಿಂದಿನ ವರ್ಷ ಗುಳೆ ಹೋದ ಪ್ರತಿ ಮಗುವಿನ ಹೆಸರಿನ ಮುಂದೆ, ಈ ಬಾರಿ ಮಗು ಊರಲ್ಲಿ ಉಳಿದರೆ ಯಾರ ಬಳಿ ಇರಬಲ್ಲದು ಎಂಬ ಒಂದೇ ಪ್ರಶ್ನೆಗೆ ಉತ್ತರ. ಬಹುತೇಕ ಮನೆಗಳಲ್ಲಿ ಉತ್ತರ ಅಜ್ಜಿಯೇ ಆಗಿತ್ತು. ಆದರೆ ಅಜ್ಜಿಯರು ಸುಲಭವಾಗಿ ಒಪ್ಪಲಿಲ್ಲ. "ನನಗ ಕಣ್ಣು ಕಾಣೂದಿಲ್ಲ ಸರ. ಹುಡುಗಿ ನನ್ನ ನೋಡ್ಕೊತಾಳೋ, ನಾ ಆಕಿನ್ನ ನೋಡ್ಕೊಬೇಕೋ?" ಎಂದು ಒಬ್ಬರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅಲ್ಲಿಂದ ನನ್ನ ಕೆಲಸದ ದಿಕ್ಕು ಬದಲಾಯಿತು. ಮಗುವನ್ನು ಶಾಲೆಯಲ್ಲಿ ಉಳಿಸಬೇಕಾದರೆ ಮುದುಕಿಯ ಮನೆಯ ಒಲೆ ಆರು ತಿಂಗಳು ಉರಿಯಬೇಕಿತ್ತು.

ಅದಕ್ಕೆ ಬೇಕಾದುದೆಲ್ಲ ಕಾಗದದ ಮೇಲೆ ಆಗಲೇ ಇತ್ತು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, 2021ರಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ನಮ್ಮ ಅಜ್ಜಿಯರಲ್ಲಿ ಹಲವರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಪ್ಪಾಗಿ ನಮೂದಾಗಿ, ಎಪ್ಪತ್ತರ ಹೆಂಗಸಿಗೆ ಐವತ್ತೆಂಟು ಎಂದಿತ್ತು. ಅದನ್ನು ತಿದ್ದಿಸಿ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಲು ಶನಿವಾರದ ಮಧ್ಯಾಹ್ನಗಳು ಹೋದವು. ಪಡಿತರದ ತೊಡಕು ಇನ್ನೂ ದೊಡ್ಡದು. ಹೊಲದಲ್ಲಿ ಜೀವಮಾನವಿಡೀ ದುಡಿದ ಹೆಬ್ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರ ಅವುಗಳನ್ನು ಗುರುತಿಸುವುದಿಲ್ಲ, ಬೆರಳಚ್ಚು ಕೊಡಬಲ್ಲ ಮಗ ಸೊಸೆ ಕೊಲ್ಹಾಪುರದಲ್ಲಿರುತ್ತಾರೆ. ಕಾರ್ಡಿನಲ್ಲಿ ಐದು ಹೆಸರಿದ್ದರೂ ಅಕ್ಕಿ ಮನೆಗೆ ಬರುವುದಿಲ್ಲ. ಕುಟುಂಬ ಹೊರಡುವ ಮೊದಲೇ ಅಜ್ಜಿಯ ಹತ್ತೂ ಬೆರಳುಗಳನ್ನು ಪರೀಕ್ಷಿಸಿ, ಯಾವುದು ಓದುತ್ತದೆಯೋ ಅದನ್ನು ಗುರುತಿಟ್ಟುಕೊಳ್ಳುವಂತೆ ನ್ಯಾಯಬೆಲೆ ಅಂಗಡಿಯವರೊಂದಿಗೆ ಒಪ್ಪಂದ ಮಾಡಿಕೊಂಡೆವು. ಇದು ಚಿಕ್ಕ ವಿಷಯವೆಂದು ತೋರಬಹುದು, ಆದರೆ ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳನ್ನು ಊರಲ್ಲಿ ಉಳಿಸಿದ ಉಪಾಯ ಇನ್ನೊಂದಿಲ್ಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಆರಂಭವಾದ ಮೇಲೆ, ಕೆಲವು ತಾಯಂದಿರು ಎಟಿಎಂ ಕಾರ್ಡನ್ನು ಅತ್ತೆಯ ಕೈಗೆ ಕೊಟ್ಟು ಹೋಗತೊಡಗಿದ್ದಾರೆ. ಈಗ ಮಕ್ಕಳ ಖರ್ಚಿನ ಮಾತು ಎತ್ತಿದರೆ ಅಜ್ಜಿಯರು ಮೊದಲಿನಷ್ಟು ಹಿಂಜರಿಯುವುದಿಲ್ಲ.

ಉದ್ಯೋಗ ಖಾತ್ರಿಯ ಕುರಿತು ನನಗೆ ಹೆಚ್ಚು ಭರವಸೆಯಿತ್ತು, ಫಲ ಅಷ್ಟು ಸಿಗಲಿಲ್ಲ. ಜುಲೈನಲ್ಲಿಯೇ ಕೆಲಸ ಕೋರುವ ಅರ್ಜಿಯಾದ ನಮೂನೆ 6 ತುಂಬಿಸಿ ಕೆಲಸ ಕೇಳಿಸಿದೆವು. 2023–24ರಲ್ಲಿ ದಿನಗೂಲಿ 316 ರೂಪಾಯಿ ಇತ್ತು. ಮಳೆಗಾಲದಲ್ಲಿ ಕಾಮಗಾರಿಗಳು ವಿರಳ, ಕೂಲಿ ಖಾತೆಗೆ ಬರುವುದು ವಾರಗಳ ಮೇಲೆ. ಮುಕಾದಮ ಕೊಡುವುದು ಅಂದೇ, ಕೈಗೇ, ಒಟ್ಟಿಗೇ. ಕೂಲಿ ಸಾಲುವುದೋ ಇಲ್ಲವೋ ಎಂಬುದಕ್ಕಿಂತ ಅದು ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದು ಬಡ ಕುಟುಂಬಕ್ಕೆ ಮುಖ್ಯ. ಮೂರು ಕುಟುಂಬಗಳು ಮಾತ್ರ ಆ ಕೂಲಿಯನ್ನು ನಂಬಿ ಮುಂಗಡ ಬಿಟ್ಟವು.

ನಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನವೆಂಬರ್‌ನಲ್ಲಿ ನಡೆಯುತ್ತಿತ್ತು. ಯಾರ ಹಕ್ಕಿನ ಬಗ್ಗೆ ಮಾತಾಗಬೇಕೋ ಆ ಮಕ್ಕಳು ಆಗ ಗದ್ದೆಯಲ್ಲಿರುತ್ತಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವಾಗಿ ಹೆಸರಿಸುತ್ತದೆ ಎಂದು ತೋರಿಸಿ, ನಮ್ಮ ತಾಂಡಾಕ್ಕಾಗಿ ಸೆಪ್ಟೆಂಬರ್‌ನಲ್ಲೊಂದು ಸಭೆ ನಡೆಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಒಪ್ಪಿಸಿದೆವು. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಅಜ್ಜಿಯ ಜೊತೆ ಇರಲು ತನಗೆ ಭಯವಿಲ್ಲ, ಆದರೆ ರಾತ್ರಿ ಬಯಲಿಗೆ ಹೋಗುವ ದಾರಿಯಲ್ಲಿ ದೀಪವಿಲ್ಲ ಎಂದಳು. ಹಿರಿಯರ ಯಾವ ಸಭೆಯಲ್ಲೂ ಆ ಮಾತು ಬಂದಿರಲಿಲ್ಲ. ಎರಡು ದೀಪಗಳು ಬಂದವು. ಶೌಚಾಲಯದ ಬೇಡಿಕೆ ಇನ್ನೂ ಪೂರ್ಣವಾಗಿ ಈಡೇರಿಲ್ಲ.

ಅಜ್ಜಿಯೂ ಇಲ್ಲದ ಮಕ್ಕಳಿಗಾಗಿ, ಹೆತ್ತವರು ಗುಳೆ ಹೋದ ತಿಂಗಳುಗಳಲ್ಲಿ ಇರಿಸಿಕೊಳ್ಳುವ ಋತುಮಾನ ವಸತಿ ಕೇಂದ್ರ ಕೇಳಿದೆವು. ಒಂದು ವರ್ಷ ಮಂಜೂರಾತಿ ಪತ್ರ ಕೈಸೇರಿದಾಗ ಜನವರಿ ಮುಗಿಯುತ್ತಿತ್ತು. ಮಕ್ಕಳು ಹೊರಟು ಹೋಗಿ ಎರಡು ತಿಂಗಳಿಗೂ ಹೆಚ್ಚಾಗಿತ್ತು. ಆ ಪತ್ರ ಹಿಡಿದು ಕುಳಿತ ಸಂಜೆಯ ಸಂಕಟ ಇಂದಿಗೂ ಹಾಗೆಯೇ ಇದೆ. ಮುಂದಿನ ವರ್ಷದಿಂದ ಪ್ರಸ್ತಾವನೆಯನ್ನು ಜೂನ್‌ನಲ್ಲೇ ಕಳುಹಿಸಿ, ಅದು ಬಾರದಿದ್ದರೂ ನಡೆಯುವಂತೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರ ಮನೆಗಳಲ್ಲಿ ಮಕ್ಕಳಿಗೆ ರಾತ್ರಿಯ ಊಟ ಮತ್ತು ಆಸರೆಯ ವ್ಯವಸ್ಥೆ ಮಾಡಿಕೊಂಡೆವು. ತಾಂಡಾದ ನಾಯಕರು ಮೊದಲಿಗೆ ತಮ್ಮ ಮನೆಯಲ್ಲೇ ಇಬ್ಬರನ್ನು ಇರಿಸಿಕೊಂಡರು. ಅವರ ಮಾತಿಗಿದ್ದ ತೂಕದಿಂದಲೇ ಉಳಿದವರು ಬಾಗಿಲು ತೆರೆದರು.

ಹದಿನಾಲ್ಕು ದಾಟಿದ ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಗೆದ್ದೆ ಎಂದು ಹೇಳಲಾರೆ. ಬೆಳೆದ ಮಗಳನ್ನು ಒಂಟಿಯಾಗಿ ಬಿಟ್ಟು ಹೋಗಲು ಹೆದರುವ ತಂದೆತಾಯಿ, ಹೊರಡುವ ಮೊದಲೇ ಮದುವೆ ಮುಗಿಸಿಬಿಡುತ್ತಾರೆ. ಮದುವೆಯಾದರೆ ಮುಕಾದಮನ ಲೆಕ್ಕದಲ್ಲಿ ಇನ್ನೊಂದು ಜೋಡಿಯೂ ಸಿದ್ಧವಾಗುತ್ತದೆ. 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಿ ಎರಡು ಮದುವೆಗಳು ನಿಂತವು. ಆದರೆ ಮೂರನೆಯದು ಗಡಿಯಾಚೆ ನಡೆದುಹೋಯಿತು ಎಂದು ನಮಗೆ ತಿಳಿದದ್ದು ಯುಗಾದಿಗೆ ಊರಿಗೆ ಬಂದ ಆ ಹುಡುಗಿಯ ಕೊರಳಿನ ತಾಳಿ ನೋಡಿ. ಎಂಟನೇ ತರಗತಿಯಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ಅಂಕ ಪಡೆಯುತ್ತಿದ್ದವಳು ಆಕೆ. ಅಂದಿನಿಂದ ಏಳನೇ ತರಗತಿ ಮುಗಿಯುವ ಮೊದಲೇ ಹೆಣ್ಣುಮಕ್ಕಳಿಗೆ ಸರ್ಕಾರಿ ವಸತಿ ಶಾಲೆ, ವಿದ್ಯಾರ್ಥಿನಿಲಯಗಳ ಅರ್ಜಿ ಹಾಕಿಸುತ್ತಿದ್ದೇನೆ.

ಈ ವರ್ಷದ ಪಟ್ಟಿಯಲ್ಲಿ 31 ಮಕ್ಕಳಿದ್ದಾರೆ. ಇಪ್ಪತ್ತು ಹೆಸರುಗಳ ಮುಂದೆ ಅಜ್ಜಿಯೋ ದೊಡ್ಡಮ್ಮನೋ ವಿದ್ಯಾರ್ಥಿನಿಲಯವೋ ಬರೆದಾಗಿದೆ. ಉಳಿದ ಹನ್ನೊಂದು ಖಾಲಿ ಇವೆ, ಮುಕಾದಮ ಬರುವ ಭಾನುವಾರ ಬರುತ್ತಾನೆಂದು ಮಕ್ಕಳು ಹೇಳಿದ್ದಾರೆ. ನಾಳೆ ಶಾಲೆ ಬಿಟ್ಟ ಮೇಲೆ ಆ ಹನ್ನೊಂದು ಮನೆಗಳಿಗೆ ಹೋಗಬೇಕು.