ಬೆಳ್ಳಿಯ ಉಪ್ಪಿನ ಬಟ್ಟಲು: ನಾನು ನೋಡಿ ಕೊಂಡುಕೊಳ್ಳುವ, ಕಾಪಾಡುವ ಬಗೆ

ಇಂಗ್ಲೆಂಡಿನ ಹಳೇ ಸಾಮಾನಿನ ಸಂತೆಗಳಲ್ಲಿ ನನ್ನ ಕಣ್ಣು ಹುಡುಕುವುದು 18ನೇ ಶತಮಾನದ ಬೆಳ್ಳಿಯ ಉಪ್ಪಿನ ಬಟ್ಟಲುಗಳನ್ನು. ಗುಂಡು ಹೊಟ್ಟೆ, ಮೂರು ಪುಟ್ಟ ಕಾಲು, ಅಂಗೈಯಲ್ಲಿ ಕೂರುವಷ್ಟು ಗಾತ್ರ. ಆಗಿನ ಉಪ್ಪು ತೇವ ಹೀರಿ ಗಂಟು ಕಟ್ಟುತ್ತಿತ್ತು, ತೂತಿನ ಡಬ್ಬಿಯಿಂದ ಸಲೀಸಾಗಿ ಉದುರುತ್ತಿರಲಿಲ್ಲ. ಹಾಗಾಗಿ ಬಟ್ಟಲು, ಜೊತೆಗೊಂದು ಚಿಕ್ಕ ಚಮಚ. ಎಲೆ ತುದಿಗೆ ಮೊದಲು ಉಪ್ಪು ಬಡಿಸುವ ಮನೆಯಲ್ಲಿ ಬೆಳೆದ ನನಗೆ ಉಪ್ಪಿಗೆ ಸಿಕ್ಕ ಈ ಮರ್ಯಾದೆ ತುಂಬ ಇಷ್ಟ.

ಕೈಗೆ ಬಂದದ್ದನ್ನು ಮೊದಲು ಬೋರಲು ಹಾಕಿ ನೋಡುತ್ತೇನೆ. ನಡೆಯುವ ಸಿಂಹದ ಮುದ್ರೆ ಇದ್ದರೆ ಶೇ. 92.5 ಬೆಳ್ಳಿ. ಲಂಗರು, ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತು. ಅದು ಶುರುವಾದದ್ದೇ 1773ರಲ್ಲಿ. ಲಂಗರು ತೋರಿಸಿ ಅದಕ್ಕೂ ಹಳೆಯದು ಎಂದರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ.

ಮುದ್ರೆಗಿಂತ ನನಗೆ ಒಳಮೈ ಮುಖ್ಯ. ಟಾರ್ಚ್ ಬಿಟ್ಟು ನೋಡಬೇಕು. ಉಪ್ಪಿನಲ್ಲಿರುವ ಕ್ಲೋರೈಡ್ ತೇವ ಸೇರಿದೊಡನೆ ಬೆಳ್ಳಿಯನ್ನು ತಿನ್ನುತ್ತದೆ, ಕಪ್ಪು ಚುಕ್ಕಿ, ಸಣ್ಣ ಗುಳಿ ಬೀಳುತ್ತವೆ. ಗಾಳಿಯ ಗಂಧಕದಿಂದ ಬರುವ ಕಪ್ಪು ಉಜ್ಜಿದರೆ ಹೋಗುತ್ತದೆ. ಈ ಗುಳಿ ಹೋಗುವುದಿಲ್ಲ. ಅದಕ್ಕೇ ಅಕ್ಕಸಾಲಿಗರು ಒಳಗೆ ಚಿನ್ನದ ಲೇಪ ಕೊಡುತ್ತಿದ್ದರು, ಇಲ್ಲವೇ ಕೋಬಾಲ್ಟಿನ ಕಡುನೀಲಿ ಗಾಜಿನ ಬಟ್ಟಲು ಕೂರಿಸುತ್ತಿದ್ದರು. ಜಾಲರಿ ಕೊರೆದ ಬೆಳ್ಳಿಯ ಸಂದಿನಲ್ಲಿ ಆ ನೀಲಿ ಇಣುಕುವ ಚೆಂದಕ್ಕೆ ನಾನು ಸೋತಿದ್ದೇನೆ. ಗಾಜು ಆಮೇಲೆ ಬದಲಾಯಿಸಿದ್ದಾದರೂ ಬೇಸರವಿಲ್ಲ, ಅಲುಗಾಡದೆ ಕೂತರೆ ಸಾಕು.

ಹೊಳಪಿಗೆ ನಯವಾದ ವಿಭೂತಿ, ಒದ್ದೆ ಹತ್ತಿಬಟ್ಟೆ. ಅದೂ ಅಪರೂಪಕ್ಕೆ, ಮುದ್ರೆ ಮತ್ತು ಚಿನ್ನದ ಲೇಪ ಬಿಟ್ಟು; ಪ್ರತಿ ಉಜ್ಜಿಗೂ ಒಂದಿಷ್ಟು ಲೋಹ ಸವೆಯುತ್ತದೆ. ಟೂತ್‌ಪೇಸ್ಟ್ ಬೇಡವೇ ಬೇಡ, ಗೀರು ಬೀಳುತ್ತದೆ. ಅಡುಗೆಸೋಡ ಹಾಕಿದ ಬಿಸಿನೀರಿನಲ್ಲಿ ಅಲ್ಯೂಮಿನಿಯಂ ಹಾಳೆಯ ಜೊತೆ ಅದ್ದುವುದು ಸುಲಭವೇನೋ ಹೌದು, ಆದರೆ ಕೆತ್ತಿದ ಹೂಬಳ್ಳಿಗಳ ಆಳದಲ್ಲಿ ನಿಂತ ಕಪ್ಪೂ ತೊಳೆದುಹೋಗಿ ಕುಸುರಿ ಸಪ್ಪೆಯಾಗುತ್ತದೆ.

ನಮ್ಮ ಊಟದ ಮೇಜಿನಲ್ಲಿ ಇವನ್ನು ಬಳಸುತ್ತೇವೆ. ಉಪ್ಪು ಗಾಜಿನೊಳಗೆ ಮಾತ್ರ. ಊಟ ಮುಗಿದ ತಕ್ಷಣ ಖಾಲಿ ಮಾಡಿ, ಗಾಜನ್ನು ಎತ್ತಿ, ಬೆಳ್ಳಿಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸುತ್ತೇನೆ. ಗಾಜಿನ ಹೊರಗೆ ಜಾರಿದ ನಾಲ್ಕು ಹರಳೇ ಸಾಕು ಗುಳಿ ಬೀಳಲು. ಚಮಚಕ್ಕೂ ಇದೇ ಉಪಚಾರ. ಪೂರ್ತಿ ಒಣಗಿದ ಮೇಲೆ ಹತ್ತಿಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತೇನೆ. ರಬ್ಬರ್ ಬ್ಯಾಂಡ್, ಉಣ್ಣೆಬಟ್ಟೆ ಎರಡರಲ್ಲೂ ಗಂಧಕವಿದೆ, ಹತ್ತಿರ ಸೇರಿಸುವುದಿಲ್ಲ.